ಗೇಮಿನ ಐಡಿಯಾ ಉಂಟು, ಮಾಡಿಕೊಡುವವರು ಬೇಕು

ಹೋದ ಸಲ ಈ ಅಂಕಣದಲ್ಲಿ ಮೊಬೈಲ್ ಗೇಮ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಮಾತು: ಐಡಿಯಾ ನನ್ನ ಹತ್ತಿರ ಉಂಟು, ಮಾಡಿಕೊಡುವವರು ಸಿಗುತ್ತಿಲ್ಲ. ನಾನು ಮಂಗಳೂರಿನ ಬಿಜೈಯಲ್ಲಿ ಕೂತು 12 ವರ್ಷಗಳಿಂದ ಗೇಮ್‌ಗಳಿಗೆ ಕೋಡ್ ಬರೆಯುತ್ತಿದ್ದೇನೆ. ಐಡಿಯಾ ಹಿಡಿದುಕೊಂಡು ಬಂದವರ ಎದುರು ಕೂತು ಹೂಂ ಅಂದದ್ದೂ ಉಂಟು, ಆಗುವುದಿಲ್ಲ ಅಂದದ್ದೂ ಉಂಟು. ಹಾಗಾಗಿ ಈ ಸಲ ಪೂರ್ತಿ ಜಾಗ ಇದಕ್ಕೇ.

ಪ್ರಶ್ನೆ: ನನ್ನ ಊರು ಕಾರ್ಕಳ, ಉಡುಪಿಯ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ. ಚಿಕ್ಕಂದಿನಿಂದ ಕಂಬಳದ ಹುಚ್ಚು. ಕಂಬಳದ ಮೇಲೆ ಒಂದು ವಿಡಿಯೋ ಗೇಮ್ ಮಾಡಬೇಕು ಅಂತ ಎರಡು ವರ್ಷದಿಂದ ಬರೆಯುತ್ತಾ ಬಂದು 200 ಪುಟದ ನೋಟ್‌ಬುಕ್ ತುಂಬಿದೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಲ್ಲಾ ವಿಭಾಗಗಳು, ಕರಾವಳಿಯ ಎಲ್ಲಾ ಕರೆಗಳು (ಕೋಣ ಓಡುವ ಕೆಸರಿನ ಗದ್ದೆಗಳು), ಕೋಣ ಸಾಕುವುದು, ಆನ್‌ಲೈನಿನಲ್ಲಿ ಬೇರೆಯವರ ಜೊತೆ ಓಟ, ನಡುವೆ ದೈವದ ಕಥೆಯೂ ಬರುತ್ತದೆ. ನನಗೆ ಕೋಡಿಂಗ್ ಬರುವುದಿಲ್ಲ. ಮೂವರು ಇಂಜಿನಿಯರ್ ಹುಡುಗರನ್ನು ಕೇಳಿದೆ, ಲಾಭದಲ್ಲಿ ಅರ್ಧ ಕೊಡುತ್ತೇನೆ ಅಂದೆ. "ನೋಡುವ" ಅಂದವರು ಈಗ ಫೋನ್ ಎತ್ತುತ್ತಿಲ್ಲ. ಐಡಿಯಾ ಪೂರ್ತಿ ಹೇಳಿದರೆ ಕದ್ದುಬಿಟ್ಟರೆ ಅನ್ನುವ ಹೆದರಿಕೆಯೂ ಉಂಟು. ನಾನು ಏನು ಮಾಡಲಿ?
— ಹೆಸರು ಬೇಡ, ಕಾರ್ಕಳ

ಉತ್ತರ: ಮೊದಲು ಆ ಮೂವರು ಹುಡುಗರ ಕಡೆಯಿಂದ ನೋಡುವ. ನೀವು ಹೇಳಿದ ಗೇಮಿಗೆ ಕಡಿಮೆ ಅಂದರೆ ಒಬ್ಬ ಪ್ರೋಗ್ರಾಮರ್, ಒಬ್ಬ ಆರ್ಟಿಸ್ಟ್ ಬೇಕು. ಇಬ್ಬರಿಗೂ ತಿಂಗಳಿಗೆ ತಲಾ 40,000 ರೂಪಾಯಿ ಅಂತ ಇಟ್ಟುಕೊಳ್ಳಿ, ಒಂದೂವರೆ ವರ್ಷ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ, ಅಲ್ಲಿಗೇ 14,40,000 ರೂಪಾಯಿ ಆಯಿತು. ಆನ್‌ಲೈನ್ ಓಟ ಸೇರಿದರೆ ಒಂದೂವರೆ ವರ್ಷವೂ ಸಾಲದು, ಸರ್ವರ್ ಖರ್ಚು ಬೇರೆ. ಅಂದರೆ ನೀವು "ಅರ್ಧ ಲಾಭ ಕೊಡುತ್ತೇನೆ" ಅಂದಾಗ ಅವರಿಗೆ ಕೇಳಿಸಿದ್ದು, ಹದಿನಾಲ್ಕು ಲಕ್ಷದ ಕೆಲಸ ನೀವು ಮೊದಲು ಮಾಡಿ, ದುಡ್ಡು ಬಂದರೆ ಆಮೇಲೆ ನೋಡುವ ಅಂತ. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ. ಅದಕ್ಕೇ ಫೋನ್ ಎತ್ತುವುದಿಲ್ಲ. ಕಂಬಳದ ಗೇಮ್ ಬೇಡ ಅಂತ ಯಾರೂ ಹೇಳಲಿಲ್ಲ, ಅದನ್ನು ಗಮನಿಸಿ.

ನಾನೂ ಒಂದು ಸಲ ಹೂಂ ಅಂದವನು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಮಂಗಳೂರಿನದೇ ಒಬ್ಬರು ವ್ಯಾಪಾರಸ್ಥರು ಒಂದು ಪಝಲ್ ಗೇಮಿನ ಐಡಿಯಾ ತಂದರು, ಪಾಲು ಕೊಡುತ್ತೇನೆ ಅಂದರು, ನಾನು ಏಳು ತಿಂಗಳು ದಿನಾ ರಾತ್ರಿ ಊಟ ಆದ ಮೇಲೆ ಕೂತು ಕೆಲಸ ಮಾಡಿದೆ. ಪ್ರತಿ ವಾರ ಹೊಸದೊಂದು ಸೇರುತ್ತಿತ್ತು. ಇದು ಬೇಕು, ಅದು ಬೇಕು, ಆ ಗೇಮಿನಲ್ಲಿ ಉಂಟಲ್ಲ ಅದೂ ಬೇಕು. ಎಂಟನೇ ತಿಂಗಳು ಅವರಿಗೆ ಬೇರೆ ವ್ಯಾಪಾರದಲ್ಲಿ ನಷ್ಟ ಆಯಿತು, ಮಾತೇ ನಿಂತಿತು. ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ, ಆದರೆ ನನ್ನ ಏಳು ತಿಂಗಳ ನಿದ್ದೆ ಹೋಯಿತು. ಇಲ್ಲಿನ ಹೆಚ್ಚಿನ ಡೆವಲಪರ್‌ಗಳ ಹತ್ತಿರ ಹೀಗೊಂದು ಕಥೆ ಉಂಟು. ನೀವು ಮಾತಾಡುವಾಗ ಅವರ ತಲೆಯಲ್ಲಿ ಅದೇ ಓಡುತ್ತಿರುತ್ತದೆ.

ಇನ್ನು ಕಳ್ಳತನದ ಹೆದರಿಕೆ. ಕಾನೂನಿನ ಪ್ರಕಾರ ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ. 1978ರಲ್ಲಿ ಆರ್.ಜಿ. ಆನಂದ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ: ವಿಷಯಕ್ಕೆ, ಕಲ್ಪನೆಗೆ ಹಕ್ಕಿಲ್ಲ, ಅದನ್ನು ನೀವು ಯಾವ ರೂಪದಲ್ಲಿ ಇಟ್ಟಿರೋ ಆ ರೂಪಕ್ಕೆ ಹಕ್ಕು. ಕಂಬಳದ ಗೇಮ್ ಅನ್ನುವುದು ಯಾರ ಸೊತ್ತೂ ಅಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದ ಕಥೆ, ಮಾತು, ಚಿತ್ರ ನಿಮ್ಮವು. ನಮ್ಮಲ್ಲಿ ಯಕ್ಷಗಾನಕ್ಕೆ ಹೋಗುವವರಿಗೆ ಪ್ರಸಂಗದ ಕಥೆ ಮೊದಲೇ ಬಾಯಿಪಾಠ, ಯಾರು ಸಾಯುತ್ತಾರೆ ಯಾರು ಗೆಲ್ಲುತ್ತಾರೆ ಎಲ್ಲಾ ಗೊತ್ತು, ಆದರೂ ಬೆಳಗ್ಗಿನ ತನಕ ಕೂರುತ್ತಾರೆ ಅಲ್ವಾ? ಇವತ್ತು ಯಾರು ಭಾಗವತರು, ಯಾರ ವೇಷ ಅಂತ ನೋಡಿ ಬಂದವರು ಅವರು. ಗೇಮ್ ಕೂಡ ಹಾಗೆಯೇ, ಆಡಿಸಿ ತೋರಿಸುವುದರಲ್ಲಿ ಎಲ್ಲಾ ಉಂಟು. ಮೊದಲ ಭೇಟಿಯಲ್ಲೇ "ಸಹಿ ಹಾಕಿ, ಆಮೇಲೆ ಹೇಳುತ್ತೇನೆ" ಅಂದರೆ ಅನುಭವ ಇದ್ದವರು ಎದ್ದು ಹೋಗುತ್ತಾರೆ. ಧೈರ್ಯವಾಗಿ ಹೇಳಿ. ಸಹಿ, ಕಾಗದ ಎಲ್ಲಾ ದುಡ್ಡು ಮತ್ತು ಕೆಲಸ ಶುರುವಾಗುವಾಗ ಖಂಡಿತಾ ಬೇಕು, ಅದನ್ನು ಮುಂದಿನ ಪ್ರಶ್ನೆಯಲ್ಲಿ ಬರೆದಿದ್ದೇನೆ.

ಈಗ ಮುಖ್ಯ ವಿಷಯ. ನಿಮ್ಮ 200 ಪುಟದಿಂದ ಒಂದೇ ಒಂದು ಪುಟ ಹರಿದು ತೆಗೆಯಿರಿ. ನನಗೆ ಕೇಳಿದರೆ ಕನೆಹಲಗೆಯ ಪುಟ ತೆಗೆಯಿರಿ ಅನ್ನುತ್ತೇನೆ.

ಯಾಕೆ ಅಂದರೆ, ಕನೆಹಲಗೆಯಲ್ಲಿ ಯಾರು ಮೊದಲು ಮುಟ್ಟಿದರು ಅನ್ನುವ ಲೆಕ್ಕ ಇಲ್ಲ. ನೀವು ಎಷ್ಟೋ ಸಲ ನೋಡಿದ್ದೀರಿ, ಆದರೂ ಒಮ್ಮೆ ಗೇಮ್ ಮಾಡುವವರ ಕಣ್ಣಲ್ಲಿ ನೋಡಿ. ಓಡಿಸುವವನು ಒಂದು ದಪ್ಪ ಹಲಗೆಯ ಮೇಲೆ ಕಾಲು ಊರಿ ನಿಂತಿರುತ್ತಾನೆ. ಹಲಗೆಯಲ್ಲಿ ತೂತು. ಕೋಣಗಳು ವೇಗ ಹಿಡಿದ ಹಾಗೆ ಕೆಸರು ನೀರು ಆ ತೂತಿನಿಂದ ಎರಡು ಕೋಲಿನ ಹಾಗೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಅಡ್ಡಲಾಗಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ, ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ (ಕೋಲು ಅಂದರೆ ಇಲ್ಲಿ ಎತ್ತರದ ಅಳತೆ). ನೀರು ಅದಕ್ಕೆ ತಾಗಬೇಕು. ತಾಗಿದ ಗಳಿಗೆಯಲ್ಲಿ ಗದ್ದೆಯ ಸುತ್ತ ನಿಂತವರ ಬಾಯಿಂದ ಬರುವ ಆ ಬೊಬ್ಬೆ ಉಂಟಲ್ಲ, ನಿಮ್ಮ ಗೇಮ್ ಅಂದರೆ ಅದೇ. ಆಡುವವನ ಕೈಯಲ್ಲಿ ಒಂದೇ ಒಂದು ಕೆಲಸ: ಯಾವಾಗ ಹಲಗೆಯ ಮೇಲೆ ಭಾರ ಬಿಡಬೇಕು. ಬೇಗ ಬಿಟ್ಟರೆ ಕೋಣದ ವೇಗ ಸಾಲದು. ತಡ ಮಾಡಿದರೆ ನಿಶಾನೆ ದಾಟಿ ಹೋಯಿತು. ಫೋನಿನ ಪರದೆ ಮೇಲೆ ಒಂದು ಬೆರಳು ಒತ್ತಿ ಹಿಡಿಯುವುದು, ಬಿಡುವುದು, ಅಷ್ಟೇ. 2013ರಲ್ಲಿ ವಿಯೆಟ್ನಾಮಿನ ಡಾಂಗ್ ನ್ಯುಯೆನ್ ಒಬ್ಬರೇ ಮಾಡಿದ ಫ್ಲಾಪಿ ಬರ್ಡ್ ಇಡೀ ಲೋಕ ಆಡಿತು, ಅದರಲ್ಲೂ ಬೆರಳಿಗೆ ಒಂದೇ ಕೆಲಸ.

ಕನೆಹಲಗೆಯ ಈ ಒಂದು ತುಂಡನ್ನು ಕೆಲಸ ಗೊತ್ತಿದ್ದ ಹುಡುಗ ಎರಡು ಮೂರು ವಾರಾಂತ್ಯದಲ್ಲಿ ಆಡುವ ಹಾಗೆ ಮಾಡಿಕೊಡಬಹುದು. ಕೋಣ ಬರೀ ಎರಡು ಕಪ್ಪು ಚೌಕ ಆಗಿದ್ದರೂ ಸಾಕು. ಇದಕ್ಕೆ ದುಡ್ಡು ಕೊಡಿ. ಪಾಲು ಗೀಲು ಬೇಡ, ಮಾತಾಡಿ ಒಂದು ಮೊತ್ತ ನಿಗದಿ ಮಾಡಿ, ಅರ್ಧ ಮೊದಲು, ಅರ್ಧ ಕೊನೆಗೆ. "ಒಂದೂವರೆ ವರ್ಷ ನನ್ನ ಜೊತೆ ಬಾ" ಅನ್ನುವುದಕ್ಕೂ "ಮೂರು ವಾರ ಈ ಕೆಲಸ ಮಾಡಿಕೊಡು, ಇಷ್ಟು ಕೊಡುತ್ತೇನೆ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೇ ಮಾತಿಗೆ ಫೋನ್ ಎತ್ತುತ್ತಾರೆ.

ಆದರೆ ಅದಕ್ಕೂ ಮೊದಲು ಕಾಗದದಲ್ಲಿ ಆಡಿ ನೋಡುವ ಕೆಲಸ ಉಂಟು. ಮಲ್ಪೆಯಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ, ಮನೆಯವರದು ಬೋಟು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಅಲ್ವಾ, ಆ 61 ದಿನ ಬೋಟು ದಡದಲ್ಲಿ, ಅವನ ತಲೆಯಲ್ಲಿ ಗೇಮ್. ಆಳ ಸಮುದ್ರದ ಮೀನುಗಾರಿಕೆಯ ಗೇಮ್ ಮಾಡಬೇಕು ಅಂತ ನನ್ನ ಹತ್ತಿರ ಬಂದ. ನಾನು ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಜಗಲಿಯಲ್ಲಿ ಕೂತೆವು, ಹೊರಗೆ ಧೋ ಅಂತ ಮಳೆ. ಹಳೇ ಕ್ಯಾಲೆಂಡರಿನ ಹಿಂದೆ ಚೌಕ ಎಳೆದು ಸಮುದ್ರ ಮಾಡಿದೆವು, ಡೀಸೆಲ್‌ಗೆ ಬೆಂಕಿಕಡ್ಡಿ, ಐಸಿಗೆ ಹುಣಸೆ ಬೀಜ, ಮೀನಿಗೆ ಮಡಚಿದ ಚೀಟಿ. ಅವನ ಅಕ್ಕನ ಮಗಳು, 9 ವರ್ಷ, ಆಡಲು ಕೂತಳು. ಹತ್ತು ನಿಮಿಷದಲ್ಲಿ ಅವಳು ಕಂಡುಹಿಡಿದದ್ದು ಏನು ಗೊತ್ತಾ, ದೂರ ಹೋಗುವುದೇ ಬೇಡ, ದಡದ ಹತ್ತಿರವೇ ತಿರುಗಿ ತಿರುಗಿ ಮೀನು ಹಿಡಿದರೆ ಯಾವಾಗಲೂ ಗೆಲ್ಲಬಹುದು. ಅಲ್ಲಿಗೆ ಆಳ ಸಮುದ್ರದ ಗೇಮಿನಲ್ಲಿ ಆಳ ಸಮುದ್ರಕ್ಕೆ ಹೋಗುವವರೇ ಇಲ್ಲ! ಗೆಳೆಯನ ಮುಖ ಸಪ್ಪೆ ಆಯಿತು. ಆಮೇಲೆ ದೂರದ ಚೌಕಗಳಲ್ಲಿ ದೊಡ್ಡ ಮೀನಿನ ಚೀಟಿ ಇಟ್ಟೆವು, ಪ್ರತಿ ಸರದಿಗೆ ಒಂದು ಹುಣಸೆ ಬೀಜ ತೆಗೆದೆವು, ಐಸ್ ಕರಗಿದ ಲೆಕ್ಕ. ಐಸ್ ಮುಗಿದರೆ ಹಿಡಿದ ಮೀನಿಗೆ ಅರ್ಧ ಬೆಲೆ. ಆಗ ಅವಳು ನಕ್ಷೆಯ ಮೇಲೆ ಬಗ್ಗಿ ಬೆರಳಲ್ಲಿ ಚೌಕ ಎಣಿಸಲು ಶುರು ಮಾಡಿದಳು, "ಇನ್ನು ಎರಡು ಚೌಕ ಹೋಗಲಾ, ಸಾಕಾ" ಅಂತ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾ. ನಾಲ್ಕು ಸಲ ಆಡಿದಳು. ಅದೇ ತಪ್ಪು ಕೋಡಿನಲ್ಲಿ ಸಿಕ್ಕಿದ್ದರೆ ತಿದ್ದಲು ಎರಡು ತಿಂಗಳು, ಇಲ್ಲಿ ಒಂದು ಸಂಜೆ.

ಗೆಳೆಯ ಆ ಕ್ಯಾಲೆಂಡರ್ ಹಾಳೆಯನ್ನು ಸುರುಳಿ ಸುತ್ತಿ, ಬೀಜ ಕಡ್ಡಿ ಒಂದು ಡಬ್ಬಿಯಲ್ಲಿ ಹಾಕಿ ಮಣಿಪಾಲದ ಒಬ್ಬ ಡೆವಲಪರ್ ಹುಡುಗಿಯ ಹತ್ತಿರ ಹೋದ. ವಿವರಣೆ ಎಂತದೂ ಕೊಡಲಿಲ್ಲ, ಆಡಿಸಿದ. ಅವಳು ಎರಡು ಸಲ ಆಡಿ, "ಗಾಳಿ ಬಂದರೆ ಬೋಟು ಒಂದು ಚೌಕ ಪಕ್ಕಕ್ಕೆ ಸರಿಯಬೇಕು" ಅಂದಳು. ಅವಳಾಗಿಯೇ ಸೇರಿಸಲು ಶುರು ಮಾಡಿದ ಮೇಲೆ ಕೇಳಬೇಕಾ, ಕೆಲಸಕ್ಕೆ ಒಪ್ಪಿದ ಹಾಗೆಯೇ.

ಜನ ಎಲ್ಲಿ ಸಿಗುತ್ತಾರೆ ಅಂದರೆ, ಬೆಂಗಳೂರಿಗೇ ಹೋಗಬೇಕು ಅಂತ ಇಲ್ಲ. ನೀವು ದಿನಾ ಬಸ್ಸು ಇಳಿಯುವ ಉಡುಪಿಯಲ್ಲೇ ಇರುವ 99ಗೇಮ್ಸ್ 2014ರಲ್ಲಿ ಸ್ಟಾರ್ ಶೆಫ್ ಬಿಡುಗಡೆ ಮಾಡಿತು, ಬೇರೆ ಬೇರೆ ದೇಶದವರು ಆಡಿದ ಗೇಮ್ ಅದು. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ಎಂಐಟಿ, ನಿಟ್ಟೆ, ಎಲ್ಲಾ ಕಡೆ ಗೇಮ್ ಮಾಡಲು ಆಸೆ ಇರುವ ಮಕ್ಕಳು ಇದ್ದೇ ಇರುತ್ತಾರೆ. ನಾನು ಎಲ್ಲಕ್ಕಿಂತ ಜಾಸ್ತಿ ಹೇಳುವುದು ಗೇಮ್ ಜ್ಯಾಮ್‌ಗೆ ಹೋಗಿ ಅಂತ. ಎರಡು ಮೂರು ದಿನದಲ್ಲಿ ಒಂದು ಸಣ್ಣ ಗೇಮ್ ಮಾಡಿ ಮುಗಿಸುವ ಕೂಟ. ಗ್ಲೋಬಲ್ ಗೇಮ್ ಜ್ಯಾಮ್ 2009ರಿಂದ ಪ್ರತಿ ವರ್ಷ ಜನವರಿ ಹೊತ್ತಿಗೆ ನಡೆಯುತ್ತದೆ, ಇಚ್ ಡಾಟ್ ಐಓ ತಾಣದಲ್ಲಿ ವರ್ಷಪೂರ್ತಿ ಒಂದಲ್ಲ ಒಂದು ಇರುತ್ತದೆ. ಕೋಡಿಂಗ್ ಬಾರದವರಿಗೂ ಅಲ್ಲಿ ಕೆಲಸ ಉಂಟು: ಕಥೆ, ನಿಯಮ, ಶಬ್ದ, ಆಡಿ ತಪ್ಪು ಹುಡುಕುವುದು. ಕಂಬಳದ ಗದ್ದೆಯ ನಿಜವಾದ ಶಬ್ದ ನಿಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದರೆ ಅದಕ್ಕೇ ನಿಮ್ಮನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ಒಬ್ಬರ ಜೊತೆ ಎರಡು ದಿನ ನಿದ್ದೆಗೆಟ್ಟು ಕೆಲಸ ಮಾಡಿದರೆ ಅವರು ಎಂಥವರು ಅಂತ ನಿಮಗೂ ಗೊತ್ತಾಗುತ್ತದೆ, ನೀವು ಎಂಥವರು ಅಂತ ಅವರಿಗೂ ಗೊತ್ತಾಗುತ್ತದೆ.

ಕೊನೆಗೆ ದೈವದ ಕಥೆ. ಅದನ್ನು ಈಗ ಬಿಟ್ಟುಬಿಡಿ ಅನ್ನುವುದು ನನ್ನ ಅಭಿಪ್ರಾಯ. ದೈವಾರಾಧನೆ ನಮ್ಮಲ್ಲಿ ಇವತ್ತಿಗೂ ನಂಬಿ ನಡೆಯುವ ಆಚರಣೆ. ಅದನ್ನು ಆಡುವವನ ಬೆರಳಿನ ಕೆಳಗೆ ತರುವುದು, ಸೋಲಿಸುವ ಶತ್ರು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮುಂದೆ ಎಂದಾದರೂ ಕಥೆಯಲ್ಲಿ ತರುವುದಿದ್ದರೆ ಮೊದಲು ದೈವದ ಚಾಕರಿ ಮಾಡುವವರ ಹತ್ತಿರ, ಮನೆತನದ ಹಿರಿಯರ ಹತ್ತಿರ ಕೂತು ಕೇಳಿ. ಅವರು ಬೇಡ ಅಂದರೆ ಬೇಡ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಒಬ್ಬರು ಗೇಮ್ ಮಾಡಿಕೊಡು, ಶೇಕಡಾ 40 ಲಾಭ ನಿನಗೆ ಅನ್ನುತ್ತಿದ್ದಾರೆ. ಸಂಬಳ ಇಲ್ಲ. ಐಡಿಯಾ ನಿಜವಾಗಿ ಚೆನ್ನಾಗಿದೆ. ಒಪ್ಪಲಾ?
— ವಿದ್ಯಾರ್ಥಿನಿ, ವಾಮಂಜೂರು

ಉತ್ತರ: ಐಡಿಯಾ ಇಷ್ಟ ಆಗಿದ್ದರೆ ಒಪ್ಪಬಹುದು, ಆದರೆ ಈಗ ಹೇಳಿದ ರೀತಿಯಲ್ಲಿ ಬೇಡ.

"ಲಾಭ" ಅನ್ನುವ ಪದವನ್ನು ಮೊದಲು ಬದಲಾಯಿಸಿ. ಲಾಭ ಅಂದರೆ ಖರ್ಚು ಕಳೆದು ಉಳಿದದ್ದು, ಖರ್ಚು ಎಷ್ಟು ಅಂತ ಬರೆಯುವವರು ಅವರು. ಜಾಹೀರಾತು, ಓಡಾಟ, ಆಫೀಸ್ ಬಾಡಿಗೆ ಎಲ್ಲಾ ಸೇರಿದರೆ ಲಾಭ ಸೊನ್ನೆ ಆಗುವುದು ಕಷ್ಟ ಏನಲ್ಲ. ಗೇಮ್ ಮಾರುವ ಸ್ಟೋರ್ ತನ್ನ ಕಮಿಷನ್ ಹಿಡಿದುಕೊಂಡು ಕೊಟ್ಟ ದುಡ್ಡಿನಲ್ಲಿ ಇಷ್ಟು ಪಾಲು ಅಂತ ಬರೆಸಿಕೊಳ್ಳಿ. ಪಾಲು ಶೇಕಡಾ 40ರ ಬದಲು 25 ಆದರೂ ಪರವಾಗಿಲ್ಲ, ಲೆಕ್ಕ ಕಣ್ಣಿಗೆ ಕಾಣುತ್ತದೆ.

ಹಕ್ಕಿನ ವಿಷಯ ಅವರಿಗೂ ಗೊತ್ತಿರಲಿಕ್ಕಿಲ್ಲ, ಇದನ್ನು ಇಬ್ಬರೂ ಒಟ್ಟಿಗೆ ಓದಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕ. ಸಂಬಳಕ್ಕಿದ್ದು ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಯದು, ಅದು 17ನೇ ಸೆಕ್ಷನ್. ಆದರೆ ನೀವು ನೌಕರಿಯಲ್ಲಿ ಇಲ್ಲ. ಹಾಗಾಗಿ ನೀವು ಬರೆದ ಕೋಡ್ ಬರೆದ ಕ್ಷಣದಿಂದ ನಿಮ್ಮದೇ, ಅವರು ದುಡ್ಡು ಕೊಟ್ಟಿದ್ದರೂ ಸಹ, ನೀವು ಬರೆದು ಸಹಿ ಹಾಕಿ ವಹಿಸಿಕೊಡುವ ತನಕ. ಬಾಯಿಮಾತಿನಲ್ಲಿ ಹಕ್ಕು ದಾಟುವುದಿಲ್ಲ. 19ನೇ ಸೆಕ್ಷನ್‌ನಲ್ಲಿ ಇನ್ನೂ ಕೆಲವು ಉಂಟು: ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ, ಎಲ್ಲೆಲ್ಲಿ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ, ಪಡೆದವರು 1 ವರ್ಷ ಆ ಹಕ್ಕನ್ನು ಬಳಸದೆ ಇಟ್ಟರೆ, ಬೇರೆ ರೀತಿ ಬರೆದಿರದಿದ್ದರೆ, ಹಕ್ಕು ನಿಮಗೇ ವಾಪಸ್. ಫೋನಿನ ಗೇಮ್ ಇಡೀ ಲೋಕಕ್ಕೆ ಹೋಗುವಂಥದ್ದು, ಆದ್ದರಿಂದ ಎಷ್ಟು ವರ್ಷ, ಎಲ್ಲೆಲ್ಲಿ ಅನ್ನುವ ಎರಡು ಸಾಲು ಇಲ್ಲದ ಒಪ್ಪಂದ ಅವರಿಗೇ ನಷ್ಟ. ಕಾರ್ಕಳದವರೂ ಇದನ್ನು ಓದಲಿ. ಚಿತ್ರ ಬರೆದವರು, ಸಂಗೀತ ಮಾಡಿದವರು ಬೇರೆ ಇದ್ದರೆ ಅವರ ಜೊತೆಗೂ ಬೇರೆ ಬೇರೆ ಕಾಗದ ಆಗಬೇಕು.

ಮತ್ತೊಂದು, ಯಾರೂ ಮಾತಾಡಲು ಇಷ್ಟಪಡದ ವಿಷಯ. ಅರ್ಧದಲ್ಲಿ ಬಿಟ್ಟರೆ ಏನು? ನಿಮಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿ ಪುಣೆಗೆ ಹೋದಿರಿ ಅಂತ ಇಟ್ಟುಕೊಳ್ಳಿ. ಅಷ್ಟರ ತನಕದ ಕೋಡ್ ಯಾರದು, ಪಾಲು ಎಷ್ಟು ಉಳಿಯುತ್ತದೆ? ಕೆಲಸವನ್ನು ನಾಲ್ಕು ಹಂತ ಮಾಡಿ, ಪ್ರತಿ ಹಂತ ಮುಗಿದಾಗ ಪಾಲಿನ ಕಾಲು ಭಾಗ ನಿಮ್ಮದಾಗಲಿ. ಮೊದಲ ಹಂತಕ್ಕಾದರೂ ದುಡ್ಡು ಕೇಳಿ, ಕಡಿಮೆಯಾದರೂ ಸರಿ. ಕೇಳಿದ್ದಕ್ಕೇ ಸಿಟ್ಟು ಮಾಡಿಕೊಂಡರೆ ಬಿಟ್ಟುಬಿಡಿ. ಕಾಗದ ಆದ ಮೇಲೆ ಒಬ್ಬ ವಕೀಲರಿಗೆ ತೋರಿಸಿ, ಒಂದು ಗಂಟೆಯ ಕೆಲಸ ಅಷ್ಟೇ. ಪರೀಕ್ಷೆಯ ತಿಂಗಳಲ್ಲಿ ಕೆಲಸ ಇಲ್ಲ ಅಂತಲೂ ಒಂದು ಸಾಲು ಬರೆಸಿ.

ಪ್ರಶ್ನೆ: ಇಸ್ಪೀಟು ಆಟದ ಆ್ಯಪ್ ಮಾಡಿಸಬೇಕು. ಆಡುವವರು ಹಣ ಹಾಕುತ್ತಾರೆ, ಗೆದ್ದವರಿಗೆ ಹಣ. ಡೆವಲಪರ್ ಇದ್ದರೆ ತಿಳಿಸಿ.
— ಓದುಗರು, ಬಂಟ್ವಾಳ

ಉತ್ತರ: ಬೇಡ. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಹಾಕಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಇದು ಅದೃಷ್ಟದ ಆಟ ಅಲ್ಲ, ಬುದ್ಧಿಯ ಆಟ ಅಂದರೂ ನಡೆಯುವುದಿಲ್ಲ. ನಡೆಸುವವರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಕಾನೂನು ಇರಲಿ, ಇಂಥ ಆ್ಯಪ್‌ನಲ್ಲಿ ದುಡ್ಡು ಕಳಕೊಂಡು ಸಾಲಕ್ಕೆ ಬಿದ್ದ ಮನೆ ನನ್ನ ಬೀದಿಯಲ್ಲೇ ಉಂಟು. ಹಣ ಇಲ್ಲದ ಇಸ್ಪೀಟು ಗೇಮ್ ಮಾಡುವುದಿದ್ದರೆ ಬರೆಯಿರಿ, ಖುಷಿಯಿಂದ ಉತ್ತರಿಸುತ್ತೇನೆ.

ಪ್ರಶ್ನೆ: ನನಗೆ 43 ವರ್ಷ, ಶಾಲೆಯಲ್ಲಿ ಟೀಚರ್. ನಮ್ಮ ಚೆನ್ನೆಮಣೆಯನ್ನು ಮಕ್ಕಳಿಗಾಗಿ ಫೋನಿನಲ್ಲಿ ತರಬೇಕು ಅಂತ ಆಸೆ. ಡೆವಲಪರ್‌ಗೆ ಕೊಡುವಷ್ಟು ದುಡ್ಡಿಲ್ಲ. ಈ ವಯಸ್ಸಿನಲ್ಲಿ ನಾನೇ ಕಲಿಯಬಹುದಾ? ಈಗ ಎಐಗೆ ಹೇಳಿದರೆ ಅದೇ ಮಾಡಿಕೊಡುತ್ತದೆ ಅನ್ನುತ್ತಾರೆ, ನಿಜವಾ?
— ಟೀಚರ್, ಬ್ರಹ್ಮಾವರ

ಉತ್ತರ: ಟೀಚರ್, ನಿಮ್ಮ ಪತ್ರ ಓದಿ ತುಂಬಾ ಖುಷಿ ಆಯಿತು. ಕಲಿಯಬಹುದು, ಮತ್ತೆ ಕಲಿಯಲು ಚೆನ್ನೆಮಣೆಗಿಂತ ಒಳ್ಳೆಯ ಆಟ ಸಿಗಲಿಕ್ಕಿಲ್ಲ.

ಕಂಪ್ಯೂಟರಿನ ಕಣ್ಣಲ್ಲಿ ಚೆನ್ನೆಮಣೆ ಅಂದರೆ ಏನು? ಆಚೆ 7, ಈಚೆ 7, ಒಟ್ಟು 14 ಗುಳಿ. ಒಂದೊಂದರಲ್ಲಿ 4 ಕಾಯಿ. ಅಂದರೆ ಸಾಲಾಗಿ ಬರೆದ ಹದಿನಾಲ್ಕು ನಾಲ್ಕುಗಳು, ಅಷ್ಟೇ. ಒಂದು ಗುಳಿಯ ಕಾಯಿ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವುದು ಅಂದರೆ ಆ ಜಾಗದ ಸಂಖ್ಯೆ ಸೊನ್ನೆ ಮಾಡಿ, ಮುಂದಿನ ಸಂಖ್ಯೆಗಳಿಗೆ ಒಂದೊಂದು ಕೂಡಿಸುವುದು. ಹದಿನಾಲ್ಕನೇದು ಮುಗಿದರೆ ತಿರುಗಿ ಒಂದನೇದು. ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್ ಹೊತ್ತು) ಅಜ್ಜಿಯ ಎದುರು ಕೂತು ಆಡಿದ್ದೀರಲ್ಲ, ನಿಮ್ಮ ಬೆರಳಿಗೆ ಈ ಪ್ರೋಗ್ರಾಂ ಆಗಲೇ ಗೊತ್ತು. ಈ ಆಟದಲ್ಲಿ ಹಲವು ಬಗೆ ಉಂಟು, ಮನೆಯಿಂದ ಮನೆಗೆ ನಿಯಮ ಬೇರೆ. ನಿಮ್ಮ ಮನೆಯಲ್ಲಿ ಆಡಿದ ಬಗೆಯನ್ನೇ ಹಿಡಿಯಿರಿ.

ಒಂದು ಗುಟ್ಟು ಹೇಳುತ್ತೇನೆ. ಒಟ್ಟು ಕಾಯಿ 56. ಪ್ರತಿ ಸರದಿ ಆದ ಮೇಲೆ ಗುಳಿಯಲ್ಲಿ ಇದ್ದದ್ದು, ಇಬ್ಬರು ಗೆದ್ದದ್ದು ಎಲ್ಲಾ ಕೂಡಿಸಿ 56 ಬರುತ್ತದಾ ಅಂತ ಪ್ರೋಗ್ರಾಮಿಗೇ ನೋಡಲು ಹೇಳಿ. 55 ಬಂದರೆ ಎಲ್ಲೋ ಒಂದು ಕಾಯಿ ಬಿದ್ದುಹೋಗಿದೆ, ತಪ್ಪು ಅಲ್ಲೇ ಉಂಟು. ದೊಡ್ಡ ದೊಡ್ಡ ಗೇಮ್ ಮಾಡುವಾಗಲೂ ನಾವು ಇಂಥದ್ದೇ ಲೆಕ್ಕ ಇಟ್ಟು ತಪ್ಪು ಹಿಡಿಯುವುದು.

ಸಾಫ್ಟ್‌ವೇರ್‌ಗೆ ದುಡ್ಡು ಬೇಡ. ಮೊದಲ ವಾರ ನಿಮ್ಮ ಶಾಲೆಯ ಮಕ್ಕಳ ಜೊತೆಗೇ ಸ್ಕ್ರ್ಯಾಚ್‌ನಲ್ಲಿ ಆಡಿ, ಅಮೆರಿಕದ ಎಂಐಟಿಯವರು 2007ರಲ್ಲಿ ಬಿಟ್ಟದ್ದು, ಬ್ಲಾಕ್ ಜೋಡಿಸಿದರೆ ಸಾಕು. ಆಮೇಲೆ ಗೊಡಾಟ್ ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್‌ಗೆ ಬನ್ನಿ. ಪೂರ್ತಿ ಉಚಿತ, ನೀವು ನಾಳೆ ಗೇಮಿನಿಂದ ದುಡ್ಡು ಮಾಡಿದರೂ ಅವರಿಗೆ ಪಾಲು ಕೊಡಬೇಕಾಗಿಲ್ಲ. ಯೂನಿಟಿ ಕೂಡ ಸಣ್ಣವರಿಗೆ ಉಚಿತವೇ, ನಾನು ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದವನು. ಆದರೆ 2023ರ ಸೆಪ್ಟೆಂಬರಿನಲ್ಲಿ ಪ್ರತಿ ಇನ್‌ಸ್ಟಾಲಿಗೆ ಶುಲ್ಕ ಅಂತ ಘೋಷಿಸಿ, ಡೆವಲಪರ್‌ಗಳೆಲ್ಲಾ ಎದ್ದು ನಿಂತ ಮೇಲೆ ಮುಂದಿನ ವರ್ಷ ಅದನ್ನು ಕೈಬಿಟ್ಟರು. ಆ ವರ್ಷದಿಂದ ಹೊಸಬರಿಗೆ ನಾನು ಗೊಡಾಟ್ ಹೇಳುತ್ತಿದ್ದೇನೆ.

ಎಐ ಬಗ್ಗೆ: ಹೌದು, ಚೆನ್ನೆಮಣೆಯ ಕೋಡ್ ಕೇಳಿದರೆ ಬರೆದು ಕೊಡುತ್ತದೆ. ಆದರೆ ನಿಮ್ಮ ಅಜ್ಜಿ ಮನೆಯ ನಿಯಮ ಅದಕ್ಕೆ ಗೊತ್ತಿಲ್ಲ, ಬೇರೆ ಯಾವುದೋ ಊರಿನ ನಿಯಮ ಹಾಕಿ ಸರಿಯಾಗಿದೆ ಅನ್ನುತ್ತದೆ. ತಪ್ಪು ಕಂಡುಹಿಡಿಯಬೇಕಾದವರು ನೀವೇ. ಅದಕ್ಕೆ ನಾನು ಹೇಳುವುದು, ಮೊದಲ ಸಲ ನಿಮ್ಮ ಕೈಯಲ್ಲೇ ಬರೆಯಿರಿ, ಅರ್ಥ ಆಗದ ಕಡೆ ಮಾತ್ರ ಅದನ್ನು ಕೇಳಿ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಸ್ಟೋರಿನಲ್ಲಿ ಬಿಡುಗಡೆ ಮಾಡುವುದಿದ್ದರೆ ಎಐಯಿಂದ ಮಾಡಿದ ಚಿತ್ರ, ಸಂಗೀತ ಇದ್ದರೆ ಅದನ್ನು ತಿಳಿಸಬೇಕು ಅನ್ನುವ ನಿಯಮ 2024ರಿಂದ ಉಂಟು.

ವಯಸ್ಸಿನ ಚಿಂತೆ ಬಿಡಿ, ಸಮಯದ ಬಗ್ಗೆ ಯೋಚಿಸಿ. ಅಮೆರಿಕದ ಎರಿಕ್ ಬರೋನ್ ಕೋಡ್, ಚಿತ್ರ, ಸಂಗೀತ ಎಲ್ಲಾ ಒಬ್ಬರೇ ಮಾಡಿದ ಸ್ಟಾರ್‌ಡ್ಯೂ ವ್ಯಾಲಿ 2016ರಲ್ಲಿ ಬಂತು, ಅದಕ್ಕೆ ಅವರು ನಾಲ್ಕು ವರ್ಷಕ್ಕಿಂತ ಜಾಸ್ತಿ ಕೂತಿದ್ದರು. ನಿಮ್ಮ ಚೆನ್ನೆಮಣೆಗೆ ಅಷ್ಟು ಬೇಡ. ದಿನಕ್ಕೆ ಒಂದು ಗಂಟೆ ಕೂತರೆ ಬೇಸಿಗೆ ರಜೆಯಲ್ಲಿ ಶುರು ಮಾಡಿದ್ದು ಆಟಿಯ ಹೊತ್ತಿಗೆ ಮಕ್ಕಳ ಕೈಯಲ್ಲಿ ಇರುತ್ತದೆ.

ಪ್ರಶ್ನೆ: ಗೇಮ್ ರೆಡಿ ಉಂಟು. ಬಿಡುಗಡೆಗೆ ಎಷ್ಟು ಖರ್ಚು? ಅಕೌಂಟ್ ಡೆವಲಪರ್ ಹೆಸರಿನಲ್ಲಿ ಇದ್ದರೆ ತೊಂದರೆ ಉಂಟಾ?
— ಓದುಗರು, ಕುಂದಾಪುರ

ಉತ್ತರ: ತೊಂದರೆ ಉಂಟು. ಸ್ಟೋರಿನಿಂದ ದುಡ್ಡು ಬರುವುದು ಅಕೌಂಟ್ ಯಾರದೋ ಅವರ ಬ್ಯಾಂಕಿಗೆ. ಅಕೌಂಟ್ ನಿಮ್ಮ ಹೆಸರಿನಲ್ಲೇ ತೆರೆಯಿರಿ, ಡೆವಲಪರ್‌ಗೆ ಒಳಗೆ ಬಂದು ಕೆಲಸ ಮಾಡುವ ಅನುಮತಿ ಕೊಡಿ. ಕೋಡ್ ಇಡುವ ಜಾಗ ಕೂಡ ಇಬ್ಬರಿಗೂ ತೆರೆದಿರಬೇಕು, ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರಬಾರದು. ಮಳೆಗಾಲದಲ್ಲಿ ಸಿಡಿಲು ಬಡಿದು ಹಾರ್ಡ್ ಡಿಸ್ಕ್ ಹೋಗಿ ಎಲ್ಲಾ ಕಳಕೊಂಡ ತಂಡವನ್ನು ನಾನು ನೋಡಿದ್ದೇನೆ.

ಗೂಗಲ್ ಪ್ಲೇ ಅಕೌಂಟಿಗೆ 25 ಡಾಲರ್, ಒಂದೇ ಸಲ. ಆಪಲ್‌ಗೆ ವರ್ಷಕ್ಕೆ 99 ಡಾಲರ್. ಸ್ಟೀಮ್‌ನಲ್ಲಿ ಒಂದು ಗೇಮಿಗೆ 100 ಡಾಲರ್, 1,000 ಡಾಲರ್ ವ್ಯಾಪಾರ ಆದ ಮೇಲೆ ಅದು ವಾಪಸ್ ಸಿಗುತ್ತದೆ. ಆದರೆ ಸ್ಟೀಮ್‌ನಲ್ಲಿ ಹೊಸಬರು ದುಡ್ಡು ಕಟ್ಟಿ 30 ದಿನ ಕಾಯಬೇಕು, ಆದ್ದರಿಂದ ತಾರೀಕು ಮೊದಲೇ ಜಾಹೀರು ಮಾಡಬೇಡಿ. ಕಮಿಷನ್ ಸ್ಟೀಮ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 30. ಮೊದಲು ಸುಮ್ನೆ ಜನರಿಗೆ ಆಡಿಸಿ ನೋಡುವುದಿದ್ದರೆ ಇಚ್ ಡಾಟ್ ಐಓದಲ್ಲಿ ಹಾಕಿ, ಅಲ್ಲಿ ಖರ್ಚೇ ಇಲ್ಲ.

ಗೂಗಲ್‌ನಲ್ಲಿ ಇನ್ನೊಂದು ವಿಷಯ ಉಂಟು, ಇದು ಗೊತ್ತಿಲ್ಲದೆ ತುಂಬಾ ಜನ ಕೊನೆ ಗಳಿಗೆಯಲ್ಲಿ ಸಿಕ್ಕಿಬೀಳುತ್ತಾರೆ. ಕಂಪನಿ ಇಲ್ಲದೆ ಸ್ವಂತ ಹೆಸರಿನಲ್ಲಿ ಹೊಸದಾಗಿ ಅಕೌಂಟ್ ತೆರೆದವರು ಬಿಡುಗಡೆಗೆ ಮೊದಲು 12 ಜನ ಟೆಸ್ಟರ್‌ಗಳನ್ನು ಸೇರಿಸಿ, ಅವರು ನಡುವೆ ಬಿಡದೆ 14 ದಿನ ಟೆಸ್ಟಿಂಗ್‌ನಲ್ಲಿ ಇರಬೇಕು. ಹನ್ನೆರಡು ಜನ ಅಂದರೆ ಸುಲಭ ಅನ್ನಿಸುತ್ತದೆ, ಆದರೆ ನಾಲ್ಕನೇ ದಿನಕ್ಕೆ ಇಬ್ಬರು ಅನ್‌ಇನ್‌ಸ್ಟಾಲ್ ಮಾಡಿ ಹೊರಗೆ ಹೋಗಿರುತ್ತಾರೆ. ಹಾಗಾಗಿ 20 ಜನರ ಪಟ್ಟಿ ಇಟ್ಟುಕೊಳ್ಳಿ. ಚೌತಿಗೆ ಊರಿಗೆ ಬರುವ ನೆಂಟರು, ಯುವಕ ಮಂಡಲದವರು, ಪಕ್ಕದ ಮನೆಯ ಮಕ್ಕಳ ಅಪ್ಪ ಅಮ್ಮ, ಯಾರಾದರೂ ಸರಿ. ಐಫೋನ್ ಇರುವವರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಂಡ್ರಾಯ್ಡ್ ಫೋನ್ ಇದ್ದವರ ಜಿಮೇಲ್ ಐಡಿ ಇವತ್ತೇ ಬರೆದುಕೊಳ್ಳಲು ಶುರು ಮಾಡಿ.